ಪಾತ್ರೆಯ ತಳದ ಹೆಸರು

ವೆಂಡೆಲ್,

ಫೋನ್ ಮಾಡಿದರೆ ನನ್ನ ಮಾತು ಮುಗಿಯುವ ಮುಂಚೆಯೇ ಇಟ್ಟುಬಿಡುತ್ತೀಯ. ಅದಕ್ಕೇ ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನಿನ್ನ ತಾಯಿ ಈ ವಯಸ್ಸಿನಲ್ಲಿ ಪೆನ್ನು ಹಿಡಿಯಬೇಕಾಗಿದೆ.

ಭಾನುವಾರ ಚರ್ಚಿನ ಊಟಕ್ಕೆ, ಈಗ ಬೇರೆ ರೂಮು ಮಾಡಿಕೊಂಡಿರುವ ನಿನ್ನ ಮಗಳು ಕೊರಿನ್ ಕೋಳಿ ನೂಡಲ್ಸ್ ಮಾಡಿ ತಂದಳು. ಪಾತ್ರೆ ಅದಲುಬದಲಾಗದಿರಲೆಂದು ಎಲ್ಲರೂ ತಳಕ್ಕೆ ಮನೆತನದ ಹೆಸರು ಬರೆದ ಟೇಪು ಅಂಟಿಸುತ್ತಾರೆ. ಅವಳು ಬರೀ ‘ಕೊರಿನ್’ ಎಂದು ಬರೆದಿದ್ದಳು. “ನಮ್ಮ ಹೆಸರು ಹೇಳೋಕೆ ನಾಚಿಕೇನಾ?” ಎಂದು ನೀನು ಎಲ್ಲರೆದುರು ಕೂಗಿದೆ. “ರೂಮು ನಂದು, ಒಲೆ ನಂದು, ಅಡುಗೇನೂ ನಂದೇ ಅಪ್ಪಾ,” ಎಂದಳು. ನೀನು ಪಾತ್ರೆಯನ್ನೇ ಎತ್ತಿಕೊಂಡು ಟ್ರಕ್ಕು ಹತ್ತಿದೆ. ಐವತ್ತರ ಗಂಡಸು ಮಾಡುವ ಕೆಲಸವೇ ಅದು?

ಶನಿವಾರ ಅವಳು ಎವರೆಟ್‌ನನ್ನು ಊಟಕ್ಕೆ ಕರೆದಿದ್ದಾಳೆ. ಹೌದು, ಈ ಕಾಗದವನ್ನು ನಿನ್ನ ಡಬ್ಬಿಗೆ ಹಾಕುವ ಅಂಚೆಯವನೇ. ಮದುವೆ ಯಾವಾಗ ಎಂದರೆ, “ಮೊದ್ಲು ನನ್ನ ಮನೇಲಿ ನಾನು ಬದುಕಿ ನೋಡ್ತೀನಿ ಅಜ್ಜಿ,” ಅನ್ನುತ್ತಾಳೆ. ಅವಳಿಗಿರುವುದು ಅದೊಂದೇ ದೊಡ್ಡ ಪಾತ್ರೆ. ಕೇಳಲಾರೆನೆಂದು ಅವಳ ಹಟ, ಕೊಡಲಾರೆನೆಂದು ನಿನ್ನ ಹಟ.

ನಲವತ್ತು ವರ್ಷ ನನ್ನ ಪಾತ್ರೆಯ ತಳದಲ್ಲಿ ನಿನ್ನಪ್ಪನ ಹೆಸರಿತ್ತು. ಅವರಿಗೆ ಮೊಟ್ಟೆ ಬೇಯಿಸಲೂ ಬರುತ್ತಿರಲಿಲ್ಲ.

ಪಾತ್ರೆ ತೊಳೆ, ಟೇಪು ಕೀಳಬೇಡ, ನೀನೇ ಹೋಗಿ ಕೊಟ್ಟು ಬಾ. ಪಾತ್ರೆ ಕೊಡುತ್ತೀಯೋ ಇಲ್ಲವೋ ನನಗೆ ಬರೆದು, ಆ ಕಾಗದವನ್ನು ಶುಕ್ರವಾರದೊಳಗೆ ಎವರೆಟ್ ಕೈಗೇ ಕೊಡು.

ನಿನ್ನ ತಾಯಿ,
ಆಲ್ಮೀಡಾ