ನಾಲಿಗೆ ತೋರಿಸಿದ ದಿಕ್ಕು

ಏಪ್ರಿಲ್ ೧೨, ಶನಿವಾರ

ಹಾಳು ನಾಲಿಗೆ! ಕಾಲೇಜು ತಂಡದಲ್ಲಿದ್ದಷ್ಟು ದಿನ ಮುಖಕ್ಕೆ ಕಬ್ಬಿಣದ ಜಾಲರಿ ಇತ್ತು, ಗಮನವಿಟ್ಟು ಏನು ಮಾಡಿದರೂ ಅದು ಹೊರಗೆ ಚಾಚುವುದು ಯಾರಿಗೂ ಕಾಣುತ್ತಿರಲಿಲ್ಲ. ಇವತ್ತು ಸೇಂಟ್ ಪಾಲ್ ನಗರದಲ್ಲಿ ವೃತ್ತಿಪರನಾಗಿ ನನ್ನ ಮೊದಲ ಐಸ್ ಹಾಕಿ ಪಂದ್ಯ, ಜಾಲರಿ ಇಲ್ಲ. ನನ್ನ ಎರಡು ಹೊಡೆತಗಳನ್ನೂ ಎದುರಾಳಿ ಗೋಲ್‌ಕೀಪರ್ ನಗುನಗುತ್ತಲೇ ತಡೆದ. ಬೆಂಚಿಗೆ ಬಂದು ಕೂತರೆ ನಮ್ಮ ನಾಯಕ ಕೊವಾಲ್ ಕಿವಿಯಲ್ಲಿ ಹೇಳಿದ: "ಲೇ ಆರ್ವಿಡ್, ನಾಲಿಗೆ ಒಳಗಿಟ್ಕೊಳ್ಳೋ. ಅದು ಯಾವ ಕಡೆ ಹೊರಳುತ್ತೋ ಆ ಕಡೆನೇ ಹೊಡೀತೀಯ."

ಒಳಗಿಡಲಿಲ್ಲ. ಮುಂದಿನ ಸಲ ನಾಲಿಗೆಯನ್ನು ಎಡಕ್ಕೆ ಚಾಚಿ ಬಲಕ್ಕೆ ಹೊಡೆದೆ. ಗೋಲು!

ಆಮೇಲೆ ನಮ್ಮೂರು ಹಿಬ್ಬಿಂಗ್‌ನಿಂದ ಅಮ್ಮನ ಫೋನು. "ಗೋಲ್ ಹೊಡೆದಿದ್ದು ಸರಿ ಕಣೋ. ಟೀವೀಲಿ ಊರಿಗೆಲ್ಲ ನಾಲಿಗೆ ತೋರಿಸ್ತೀಯಲ್ಲ, ನಾಳೆ ಚರ್ಚಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ನಗು ನಿಲ್ಲುತ್ತಿಲ್ಲ. ಇದನ್ನು ಬರೆಯುವಾಗಲೂ ನಾಲಿಗೆ ಹೊರಗೇ ಇದೆ.