ಮೊದಲು ನಮ್ಮದೇ ರಸ್ತೆ

ವೆಸೆಲಿ, ನೆಬ್ರಾಸ್ಕಾ
ಭಾನುವಾರ, ೨೨ ನವೆಂಬರ್ ೧೯೯೮

ಪ್ರೀತಿಯ ತಂಗಿ ವ್ಲಾಸ್ತಾ,

ನೀನೂ ನಿನ್ನ ಗಂಡ ಮಿಲ್ಟನ್ನೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಚುನಾವಣೆ ಮುಗಿದು ಮೂರು ವಾರವಾಗುತ್ತ ಬಂತು, ಒಡಹುಟ್ಟಿದವಳ ಹತ್ತಿರ ಒಂದು ಮಾತಾಡಲು ಇವನಿಗೆ ಪುರಸೊತ್ತಿಲ್ಲ ಎಂದು ನೀನು ಅಂದುಕೊಂಡಿದ್ದರೆ ನಿನ್ನ ತಪ್ಪಲ್ಲ. ಪುರಸೊತ್ತು ಇತ್ತು, ಧೈರ್ಯ ಇರಲಿಲ್ಲ. ಹದಿನಾಲ್ಕು ಮೈಲಿ ಆಚೆಯ ತಂಗಿಗೆ ಯಾರಾದರೂ ಕಾಗದ ಬರೆಯುತ್ತಾರಾ, ಫೋನು ಯಾಕಿದೆ ಎಂದು ನಿನ್ನ ಅತ್ತಿಗೆ ಆರ್ಡಿತ್ ಕೇಳಿದಳು. ಫೋನಿನಲ್ಲಿ ನೀನು "ಪರವಾಗಿಲ್ಲ ಬಿಡೋ" ಅಂದುಬಿಡುತ್ತೀಯ. ಆಮೇಲೆ ನನಗೆ ಹೇಳಲು ಏನೂ ಉಳಿಯುವುದಿಲ್ಲ. ಅದಕ್ಕೇ ಈ ಕಾಗದ.

ಇಲ್ಲಿಯ ಸುದ್ದಿ ಅಂಥದ್ದೇನಿಲ್ಲ. ನನ್ನ ಅಂಗಡಿಗೆ ಮೊಳೆ ಕೊಳ್ಳಲು ಬಂದವರು ಈಗ ಕೌಂಟಿಯ ಮೋರಿ, ಸೇತುವೆ, ತೆರಿಗೆ ಎಂದು ಒಂದು ಗಂಟೆ ಮಾತಾಡಿ ಮೊಳೆ ಮರೆತು ಹೋಗುತ್ತಾರೆ. ಬರೀ ನಲವತ್ತೊಂದು ವೋಟಿನ ಅಂತರದಲ್ಲಿ ಗೆದ್ದ ಕಮಿಷನರ್ ನಾನು, ಯಾರಿಗೂ ಎದುರಾಡುವ ಹಾಗಿಲ್ಲ. ಸೋತ ಡ್ವೇನ್ ಹಾವ್ಲಿಕ್ ಕೈಕುಲುಕಲು ಬಂದಿದ್ದ. ಒಳ್ಳೆಯ ಮನುಷ್ಯ, ಕೊಂಕು ಮಾತ್ರ ಬಿಡುವವನಲ್ಲ. "ಆ ಒಂದು ಉತ್ತರದಿಂದ ಗೆದ್ದೆ ಕಣಯ್ಯಾ. ಬಿಟ್ಟುಕೊಡೋಕೆ ನನ್ನ ಹೆಸರಿಂದು ಒಂದು ರಸ್ತೆ ಇರಲಿಲ್ಲವಲ್ಲ" ಅಂದ. ನಾನು ನಕ್ಕೆ. ಅವನು ಹೋದ ಮೇಲೆ ಯಾಕೋ ತುಂಬ ಹೊತ್ತು ಕೆಲಸ ಮಾಡಲಾಗಲಿಲ್ಲ.

ನಾನು ಯಾಕೆ ಚುನಾವಣೆಗೆ ನಿಂತೆ ಎಂಬುದು ನಿನಗೆ ಗೊತ್ತು. ಅಮ್ಮ ಕೊನೆಯ ಎರಡು ವರ್ಷ ಇದ್ದ ಕೌಂಟಿಯ ವೃದ್ಧರ ಆರೈಕೆ ಮನೆಯನ್ನು ಮಾರುತ್ತಾರೆ ಎಂದು ಕೇಳಿದ ದಿನವೇ ನಿಲ್ಲುವುದೆಂದು ತೀರ್ಮಾನಿಸಿದೆ. ಬೇಸಿಗೆಯೆಲ್ಲ ಅಡುಗೆಮನೆಯ ಮೇಜಿನ ಮೇಲೆ ಕೌಂಟಿಯ ಬಜೆಟ್ ಪುಸ್ತಕ ಹರಡಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದೆ. ತಟ್ಟೆ ಎಲ್ಲಿಡಲಿ ಎಂದು ಆರ್ಡಿತ್ ದಿನಾ ಬೈಯುತ್ತಿದ್ದಳು. ಆರೈಕೆ ಮನೆ ಉಳಿಯಬೇಕು, ಲೈಬ್ರರಿ ವ್ಯಾನು ತಿರುಗುತ್ತಿರಬೇಕು, ಷೆರೀಫರು ಹಳೆಯ ಕಾರನ್ನೇ ಇನ್ನೆರಡು ವರ್ಷ ಓಡಿಸಲಿ. ಇಷ್ಟು ಹೇಳುವುದು ಸುಲಭ. ಆದರೆ ನಮ್ಮ ಕೌಂಟಿಯಲ್ಲಿ ಜನ ಕಡಿಮೆ, ಜಲ್ಲಿರಸ್ತೆ ಜಾಸ್ತಿ. ಒಂದೇ ಮನೆಯಿರುವ ರಸ್ತೆಗೂ ಚಳಿಗಾಲದಲ್ಲಿ ಹಿಮ ತೆಗೆಯುವ ಗಾಡಿ ಹೋಗಬೇಕು, ವಸಂತದಲ್ಲಿ ಜಲ್ಲಿ ಹಾಕಬೇಕು. ಕೆಲವು ರಸ್ತೆಗಳನ್ನು ಕೈಬಿಡದೆ ಬೇರೆ ದಾರಿಯಿಲ್ಲ ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಅಕ್ಟೋಬರಿನಲ್ಲಿ ಮಾಜಿ ಸೈನಿಕರ ಲೀಜನ್ ಹಾಲ್‌ನಲ್ಲಿ ನಡೆದ ಅಭ್ಯರ್ಥಿಗಳ ಸಭೆಗೆ ನೀನೂ ಬಂದಿದ್ದೆ, ಮಿಲ್ಟನ್ನನ ಗಾಲಿಕುರ್ಚಿ ಪಕ್ಕದಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಎಂದಿನ ಹಾಗೆ ಜನ ಚೀಟಿಯಲ್ಲಿ ಪ್ರಶ್ನೆ ಬರೆದು ಕಾಫಿ ಡಬ್ಬದಲ್ಲಿ ಹಾಕಿದ್ದರು. ಐರೀನ್ ಟೀಚರ್ ಒಂದೊಂದೇ ಎತ್ತಿ ಓದುತ್ತಿದ್ದರು, ಎರಡು ನಿಮಿಷಕ್ಕೆ ಗಂಟೆ ಬಾರಿಸುತ್ತಿದ್ದರು. ಅಷ್ಟರಲ್ಲಿ ಆ ಚೀಟಿ ಬಂತು: ಯಾವ ರಸ್ತೆ ಕೈಬಿಡುತ್ತೀರಿ, ಹೆಸರು ಹೇಳಿ. ಡ್ವೇನ್ ಪರಿಶೀಲಿಸುತ್ತೇನೆ, ಸಮಿತಿ ಮಾಡುತ್ತೇನೆ ಎಂದು ಎರಡು ನಿಮಿಷ ತಳ್ಳಿದ. ಯಾರೂ ಯಾವತ್ತೂ ಹೆಸರು ಹೇಳಿದ್ದಿಲ್ಲ, ಹೇಳಿದವರು ಆ ರಸ್ತೆಯ ವೋಟನ್ನೆಲ್ಲ ಕಳೆದುಕೊಳ್ಳುತ್ತಾರೆ. ನಾನು ಎದ್ದು ನಿಂತೆ.

"ಮೊದಲು ನಮ್ಮದೇ. ಕೊವಾಂಡಾ ರಸ್ತೆ" ಅಂದೆ.

ಗಂಟೆ ಬಾರಿಸುವ ಅಗತ್ಯವೇ ಬೀಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ನೋಡಿದರೆ ನೀನು. ನಿನ್ನ ಹಿಂದೆ ಇಡೀ ಹಾಲ್ ತಟ್ಟಿತು. ಸುಳ್ಳೇಕೆ ಹೇಳಲಿ, ನಾನು ಬೀಗಿದೆ. ಅಜ್ಜ ಕಲ್ಲು ಆಯ್ದು ಮಾಡಿದ ರಸ್ತೆ, ನಮ್ಮ ಹೆಸರು ಹೊತ್ತ ರಸ್ತೆ, ಅದನ್ನೇ ಮೊದಲು ಬಿಟ್ಟೆನಲ್ಲ ಎಂದು. ಆ ರಸ್ತೆಯ ಕೊನೆಯಲ್ಲಿ ಮನೆ ಇರುವುದು ನಿನ್ನದು, ನಾನಿರುವುದು ಊರೊಳಗಿನ ಟಾರು ಬೀದಿಯಲ್ಲಿ. ಅದು ಆ ಹೊತ್ತಿಗೆ ಹಾಲ್‌ನಲ್ಲಿ ಯಾರ ನೆನಪಿಗೂ ಬರಲಿಲ್ಲ.

ಹೋದ ಸೋಮವಾರ ಕೌಂಟಿಯ ವ್ಯಾನು ಓಡಿಸುವ ಡಾರ್ಲೀನ್ ಅಂಗಡಿಗೆ ಬಂದಳು. ಏನೂ ಕೊಳ್ಳಲಿಲ್ಲ. ಬಾಗಿಲ ಹತ್ತಿರವೇ ನಿಂತು, "ಲೂಮಿರ್, ಕೈಬಿಟ್ಟ ರಸ್ತೆ ಅಂತ ಹಳದಿ ಫಲಕ ನೆಟ್ಟರೆ ಅಲ್ಲಿಗೆ ನಾನು ವ್ಯಾನು ತಿರುಗಿಸೋ ಹಾಗಿಲ್ಲ, ನಿಯಮ ಇದೆ. ಮಿಲ್ಟನ್ನ ಇನ್ಮೇಲೆ ಯಾರು ಕರ್ಕೊಂಡು ಹೋಗ್ತಾರೆ?" ಎಂದು ಕೇಳಿದಳು. ಹಿಮ ತೆಗೆಯುವ ಗಾಡಿ ಬರುವುದಿಲ್ಲ ಅಷ್ಟೇ ಅಂದುಕೊಂಡಿದ್ದೆ, ವ್ಯಾನೂ ಬರುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಲಕ್ವ ಹೊಡೆದ ಮೇಲೆ ವಾರಕ್ಕೆ ಮೂರು ದಿನ ಮಾಡಿಸುವ ಆಸ್ಪತ್ರೆಯ ವ್ಯಾಯಾಮ ತಪ್ಪಿದರೆ ಅವನ ಬಲಗೈ ಮತ್ತೆ ಮರಗಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ. ಕುರ್ಚಿ ಸಮೇತ ಎತ್ತಿಕೊಳ್ಳುವ ಯಂತ್ರ ಇರುವುದು ಆ ವ್ಯಾನಿಗೆ ಮಾತ್ರ. ನಿನ್ನ ಪಿಕಪ್ಪಿಗೆ ಅವನನ್ನು ಒಬ್ಬಳೇ ಹೇಗೆ ಹತ್ತಿಸುತ್ತೀಯ? ಅವನು ಈಗ ನಿನ್ನ ಹೆಸರು ಪೂರ್ತಿ ಹೇಳುತ್ತಾನೆ ಎಂದು ಡಾರ್ಲೀನ್ ಹೇಳಿದಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹಿಂದಿನ ಗೋದಾಮಿಗೆ ಹೋದೆ.

ನಿನಗೂ ನೋಟಿಸು ಬಂದಿರಬೇಕು. ಜನವರಿ ಹನ್ನೆರಡರ ಮಂಗಳವಾರ ಕೋರ್ಟ್‌ಹೌಸಿನಲ್ಲಿ ಜನರ ಅಹವಾಲು ಕೇಳಿ, ನಾವು ಮೂವರು ಕಮಿಷನರುಗಳು ಮತ ಹಾಕಬೇಕು. ಹನ್ನೊಂದು ರಸ್ತೆಗಳ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದು. ಅದನ್ನು ತೆಗೆದರೆ ಉಳಿದ ಹತ್ತು ರಸ್ತೆಯವರು ನನ್ನನ್ನು ಹಿಡಿದು ಕೇಳುತ್ತಾರೆ, ಪಟ್ಟಿಯೇ ಬಿದ್ದುಹೋಗಬಹುದು, ಅದರ ಜೊತೆಗೆ ಆರೈಕೆ ಮನೆಯೂ. ಆದ್ದರಿಂದ ಒಂದು ಯೋಚನೆ ಮಾಡಿದ್ದೇನೆ. ಅಂಗಡಿಯ ಹಿಂದಿನ ಮನೆ ಖಾಲಿಯಿದೆ, ನೀವಿಬ್ಬರೂ ಅಲ್ಲಿಗೆ ಬನ್ನಿ. ನಿನ್ನ ಕುರಿಗಳಿಗೆ ಏನಾದರೂ ವ್ಯವಸ್ಥೆ ಮಾಡೋಣ. ಬೇಡವೆಂದರೆ ನನ್ನ ಪಿಕಪ್ಪಿಗೆ ಬ್ಲೇಡು ಹಾಕಿಸಿ ನಾನೇ ಬಂದು ಹಿಮ ತೆಗೆಯುತ್ತೇನೆ. ಯೋಚಿಸಿ ಹೇಳು.

ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬರುವುದಿಲ್ಲ ಎಂದು ಆರ್ಡಿತ್‌ಗೆ ಫೋನು ಮಾಡಿದೆಯಂತೆ. "ರಸ್ತೆ ಹೇಗಿರುತ್ತೋ ಏನೋ ಅತ್ತಿಗೆ, ನಾವು ಮನೇಲೇ ಇರ್ತೀವಿ" ಅಂದೆಯಂತೆ. ಇನ್ನೂ ಒಂದು ಚೂರು ಹಿಮ ಬಿದ್ದಿಲ್ಲ, ರಸ್ತೆ ಒಣಗಿ ಗಟ್ಟಿಯಾಗಿದೆ. ಮೂವತ್ತು ವರ್ಷದಿಂದ ನೀನು ಬೇಯಿಸಿ ತರುವ ಗಸಗಸೆ ತುಂಬಿದ ಕೊಲಾಚಿ ಬನ್ನು ಇಲ್ಲದೆ ನಮ್ಮ ಮನೆಯಲ್ಲಿ ಆ ಹಬ್ಬ ಆಗಿಲ್ಲ. ಬಾತುಕೋಳಿ ತಂದಿಟ್ಟಿದ್ದೇವೆ. ಆರ್ಡಿತ್ ನಾಲ್ವರಿಗೆಂದೇ ತಟ್ಟೆ ತೆಗೆದಿಟ್ಟಿದ್ದಾಳೆ.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ಮಿಲ್ಟನ್ನನ ಬಲಗೈ ಹಿಡಿದು ನನ್ನ ನಮಸ್ಕಾರ ಹೇಳು. ಹೊಸ ವರ್ಷದೊಳಗೆ ಆ ಕೈ ನಿನ್ನ ಕೈಯನ್ನು ಹಿಡಿಯುವಂತಾಗಲಿ.

ನಿನ್ನ ಅಣ್ಣ,
ಲೂಮಿರ್

ಮರೆತದ್ದು: ಲಕೋಟೆ ಅಂಟಿಸಿ ಮತ್ತೆ ಒಡೆದಿದ್ದೇನೆ. ಮರೆತದ್ದು ಅಲ್ಲ, ಬಚ್ಚಿಟ್ಟದ್ದು. ವ್ಯಾನಿನ ನಿಯಮ ಗೊತ್ತಿರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಸಭೆಯ ಹಿಂದಿನ ದಿನವೇ ಓದಿದ್ದೆ. ಬಜೆಟ್ ಪುಸ್ತಕದ ಆ ಪುಟದಲ್ಲಿ ನನ್ನದೇ ಪೆನ್ಸಿಲ್ ಗೆರೆ ಇದೆ, ಈಗ ನನ್ನ ಎದುರಿಗೇ ಇದೆ. ಹನ್ನೊಂದು ರಸ್ತೆಗಳ ಜನರನ್ನು ಒಬ್ಬೊಬ್ಬರಾಗಿ ನೆನೆದು ನೋಡಿದ್ದೆ, ಕೋರ್ಟ್‌ಹೌಸಿಗೆ ಬಂದು ನನ್ನ ಕಾಲರ್ ಹಿಡಿಯದವಳು ನೀನೊಬ್ಬಳೇ ಅನ್ನಿಸಿತು. ಅದಕ್ಕೇ ನಿನ್ನ ರಸ್ತೆಯ ಹೆಸರು ಹೇಳಿದೆ, ಅದನ್ನು ನನ್ನದೆಂದು ಹೇಳಿದೆ. ವಾರಕ್ಕೆ ಮೂರು ದಿನ ಆ ವ್ಯಾನು ಹತ್ತಿಸುವವಳು ನೀನು, ನಿಯಮ ನಿನಗೂ ಗೊತ್ತಿತ್ತು. ಗೊತ್ತಿದ್ದೂ, ಜನರ ಮುಂದೆ ಅಣ್ಣನ ಮರ್ಯಾದೆ ಉಳಿಯಲಿ ಎಂದು ಮೊದಲು ಚಪ್ಪಾಳೆ ತಟ್ಟಿದವಳೂ ನೀನೇ. ಖಾಲಿ ಮನೆ, ಬ್ಲೇಡು ಎಂದು ಬರೆದದ್ದನ್ನೆಲ್ಲ ಹೊಡೆದುಹಾಕು. ಹನ್ನೆರಡನೇ ತಾರೀಕು ಇಲ್ಲಿ ಬರೆದದ್ದನ್ನು ಇದ್ದ ಹಾಗೆ ಎಲ್ಲರ ಮುಂದೆ ಹೇಳಿ, ನಿನ್ನ ರಸ್ತೆ ಕೈಬಿಡಬಾರದು ಎಂದು ಮತ ಹಾಕುತ್ತೇನೆ. ಉಳಿದ ಹತ್ತು ರಸ್ತೆಯವರು ಏನು ಬೇಕಾದರೂ ಅನ್ನಲಿ, ಅವರಿಗೆ ಹಕ್ಕಿದೆ. ನೀನು ಬಾ. ಮುಂದಿನ ಸಾಲಿನಲ್ಲಿ ಕೂತುಕೋ. ಈ ಸಲ ಚಪ್ಪಾಳೆ ತಟ್ಟಬೇಡ.