ಅಕ್ಕನ ಗಡಿಯಾರಕ್ಕೆ ಹಾಕಿದ ಸೆಲ್

ಶಿರಾ ಗೇಟ್, ತುಮಕೂರು

ಕರಿಬಸಮ್ಮ ಅತ್ತಿಗೆಯವರಿಗೆ ನಮಸ್ಕಾರ.

ಈಗ ಸಂಜೆ ಆರೂವರೆ, ಮೊಬೈಲ್ ನೋಡಿ ಬರೆದಿದ್ದೇನೆ. ಇವತ್ತು ನಮ್ಮವರ ಅಂಗಿಗಳನ್ನು ಒಗೆದು ಮಡಿಸಿಟ್ಟೆ. ಮಧ್ಯಾಹ್ನ ಕರೆಂಟ್ ಹೋಗಿ ಬಂತು. ನಿಮ್ಮ ತಮ್ಮ ತೀರಿಕೊಂಡ ಮೇಲೆ ಕರೆಂಟ್ ಹೋಗಿದ್ದು ಇದೇ ಮೊದಲು. ಅವರು ಮೈಕ್ರೋಕಂಟ್ರೋಲರ್ ಚಿಪ್ ಕೂರಿಸಿ ಮಾಡಿದ ಗಡಿಯಾರದಲ್ಲಿ ಆಗಿನಿಂದ ಹನ್ನೆರಡರ ಕೆಂಪು ಅಂಕಿ ಮಿನುಗುತ್ತಿದೆ.

ಗುಬ್ಬಿಯ ನಿಮ್ಮ ಮನೆಗೆ ಮಾಡಿಕೊಟ್ಟ ಗಡಿಯಾರಕ್ಕೆ, ಕರೆಂಟ್ ಹೋದರೂ ಸಮಯ ಮರೆಯದಂತೆ ಒಳಗೆ ಸೆಲ್ ಹಾಕಿದ್ದರು. ನಮ್ಮದಕ್ಕೆ ಹಾಕಲಿಲ್ಲ. "ಅಕ್ಕಂಗಾದ್ರೆ ಸೆಲ್ಲು, ನಂಗಿಲ್ವಾ?" ಎಂದು ಜಗಳವಾಡಿದ್ದೆ.

"ನಿಂಗ್ಯಾಕೆ ಬುಡೇ, ಟೈಮ್ ಸೆಟ್ ಮಾಡಕ್ಕೆ ಮನೇಲಿ ನಾನಿದೀನಲ್ಲ" ಅಂದಿದ್ದರು.

ಅವರು ಕೈಯಾರೆ ಇಟ್ಟ ಸಮಯ ಈಗ ನಿಮ್ಮ ಮನೆಯಲ್ಲಿ ಮಾತ್ರ ಇದೆ. ಅದನ್ನು ನನ್ನಿಂದ ಸಹಿಸಲಾಗುತ್ತಿಲ್ಲ. ನೀವು ತಪ್ಪು ತಿಳಿದರೂ ಸರಿ, ಒಂದು ತಿಂಗಳ ಮಟ್ಟಿಗೆ ಆ ಗಡಿಯಾರವನ್ನು ನನಗೆ ಕೊಡಿ. ಸೆಲ್ ಬಿಚ್ಚದೆ ತನ್ನಿ. ಬದಲಿಗೆ ನಮ್ಮದನ್ನು ಇಟ್ಟುಕೊಳ್ಳಿ. ಟೈಮ್ ಸೆಟ್ ಮಾಡಲು ನಿಮ್ಮ ಮನೆಯಲ್ಲಿ ಭಾವ ಇದ್ದಾರಲ್ಲ.

ಇಂತಿ,
ವಿಶಾಲಾಕ್ಷಿ

ನಾಳೆ ಹತ್ತು ಗಂಟೆಯಿಂದ ಗುಬ್ಬಿಯಲ್ಲಿ ಕರೆಂಟ್ ಇರುವುದಿಲ್ಲವೆಂದು ಪೇಪರಿನಲ್ಲಿದೆ. ಕರೆಂಟ್ ಮತ್ತೆ ಬಂದಾಗ ನಿಮ್ಮ ಗಡಿಯಾರ ಸರಿಯಾದ ಸಮಯವನ್ನೇ ತೋರಿಸುತ್ತದೆ.